ಧಾರಣೆ ಸಾಹೇಬರು ಕೇಳಿದ ಸಹಿ

ಧಾರಣೆ ಸಾಹೇಬರು ಅಂಗಡಿಗೆ ಬಂದರೆ ಮೊದಲು ನಾಲ್ಕು ಕಾಳು ಜೋಳ ಬಾಯಿಗೆ ಹಾಕಿಕೊಂಡು, ಮುಂದಿನ ಎರಡು ಹಲ್ಲು ಬಿದ್ದಿದ್ದರಿಂದ ದವಡೆಗೆ ತಳ್ಳಿ ಕಟಕ್ಕನೆ ಕಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಗಿರಾಕಿಗಳೂ ಕಾಯಬೇಕು, ನಾನೂ ಕಾಯಬೇಕು. ಹೋದ ವಾರದ ಮಾಲೇ ಹೌದೆಂದು ನಾಲಿಗೆ ಒಪ್ಪಿದ ಮೇಲೆಯೇ ದರ ಕೇಳುವುದು. “ಮಾಲ ಬದಲಾದ್ರ, ದರ ಏರೇತೋ ಮಾಲ ಸುಧಾರಿಸೇತೋ ಹೆಂಗ ತಿಳೀಬೇಕ್ರಿ?” ಎನ್ನುವರು.

ಅದು ಎಪ್ಪತ್ತರ ದಶಕದ ಮೊದಲ ವರ್ಷಗಳು. ಸೊಲ್ಲಾಪುರದಲ್ಲಿ ನಮ್ಮದು ಕಿರಾಣಿ ಅಂಗಡಿ, ಅಪ್ಪನ ನಂತರ ಗಾದಿಯ ಮೇಲೆ ಕೂತವನು ನಾನು. ಗಿರಣಿ ಕಾರ್ಮಿಕರ ತುಟ್ಟಿಭತ್ಯೆ ಬೆಲೆ ಸೂಚ್ಯಂಕದ ಮೇಲೆ ನಿಂತಿತ್ತು. ಆ ಸೂಚ್ಯಂಕಕ್ಕಾಗಿ ವಾರವಾರ ಅಂಗಡಿಗಳ ದರ ಬರೆದುಕೊಂಡು ಹೋಗುವ ಸರಕಾರಿ ಗುಮಾಸ್ತರು ಇವರು. ಊರು ಅಕ್ಕಲಕೋಟ ತಾಲೂಕಿನ ಕರಜಗಿ, ಬೀರೋಬ ದೇವರಿಗೆ ನಡೆದುಕೊಳ್ಳುವ ಕುರಿ ಸಾಕುವ ಮನೆತನ. ನಾವೆಲ್ಲ ಅವರನ್ನು ಧಾರಣೆ ಸಾಹೇಬರು ಎನ್ನುತ್ತಿದ್ದೆವು, ಅರ್ಧ ಮರ್ಯಾದೆಗೆ, ಅರ್ಧ ಚೇಷ್ಟೆಗೆ.

ಅವರಷ್ಟು ನನ್ನ ತಲೆ ತಿಂದವರು ಇನ್ನೊಬ್ಬರಿಲ್ಲ. ಬರ ಬಿದ್ದಿತ್ತು. ಜೋಳಕ್ಕೆ ಸರಕಾರ ಕಟ್ಟಿದ ದರ ಒಂದು, ನಾವು ಒಳಗಿಂದ ಮಾರುವ ದರ ಇನ್ನೊಂದು. ಖರೆ ಹೇಳಿದರೆ ಲೈಸನ್ಸಿಗೇ ಸಂಚಕಾರ. ಒಂದು ದಿನ ಸರಕಾರಿ ದರವನ್ನೇ ಹೇಳಿದೆ.

“ಹಂಗಾರ ಎರಡು ಕಿಲೋ ಕೊಡ್ರಿ,” ಎಂದು ಚೀಲ ಚಾಚಿದರು.

“ಮಾಲ ಮುಗದೈತ್ರಿ.”

“ಸಿಗಲಾರದ ಮಾಲಿಗೆ ಎಲ್ಲೀ ದರ, ಮಾಲಕರ? ಕೊಂಡ ದರ ಖರೆ. ಹೇಳಿದ ದರ ಬರೇ ಬಾಯಿಮಾತು.”

ಆದರೂ ಕಾಯದೆಯಂತೆ ನನ್ನ ಬಾಯಿಮಾತನ್ನೇ ಬರೆದುಕೊಂಡು ಹೋದರು. ಪೇಟೆಯ ಎಲ್ಲ ಅಂಗಡಿಗಳಲ್ಲೂ ಅದೇ ಕತೆ.

ಅವರ ಕೈಚೀಲದಲ್ಲಿ ಸ್ವಂತದ ಇನ್ನೊಂದು ವಹಿ ಇತ್ತು. ಅದರಲ್ಲಿ ಜೋಳ, ಉಳ್ಳಾಗಡ್ಡಿ, ಸೀಮೆಎಣ್ಣೆ ಬಿಟ್ಟು, ಕ್ಷೌರ, ಹೊಲಿಗೆ, ಚಪ್ಪಲಿ, ಮನೆಬಾಡಿಗೆ ಇಂಥವು ಎಷ್ಟು ಏರಿದವು ಎಂಬುದನ್ನಷ್ಟೇ ಲೆಕ್ಕ ಹಾಕುತ್ತಿದ್ದರು. ನೋಡಿ ಮೈ ಉರಿಯಿತು. “ಮಂದಿ ಕ್ಷೌರ ತಿಂತಾರೇನ್ರಿ?” ಎಂದೆ.

“ತಡೀರಿ. ಹಿಂಡು ಯಾ ಕಡಿ ಹೊಂಟೈತಿ ತಿಳೀಬೇಕಂದ್ರ ಜಿಗ್ಯಾಡೋ ಮರಿ ನೋಡಬಾರದು, ದೊಡ್ಡ ಕುರಿ ನೋಡಬೇಕು. ಉಳ್ಳಾಗಡ್ಡಿ ಇವತ್ತ ಏರತೈತಿ, ಮುಂದಿನ ಸುಗ್ಗಿಗೆ ಇಳೀತೈತಿ. ಏರಿದ ಹಜಾಮತಿ ದರ ಇಳದದ್ದು ಎಂದಾದ್ರೂ ಕಂಡೀರೇನು?”

ಮಾತು ಬರೋಬ್ಬರಿ ಇತ್ತು. ಅಲ್ಲಿಗೇ ಬಿಡಬಾರದಿತ್ತೇ? ಆ ಹುಚ್ಚು ಮನುಷ್ಯ ಆ ಲೆಕ್ಕವನ್ನು ಬರೆದು ಮೇಲಿನ ಕಚೇರಿಗೆ ಕಳಿಸಿದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಭತ್ಯೆಯ ಮಾತುಕತೆ ನಡೆದಾಗ ಮೇಲಿನಿಂದ ಟಿಪ್ಪಣಿ ಬಂತು: ಜೋಳ ಅಲ್ಪಸ್ವಲ್ಪ ಏರಿದ್ದೂ ತಾತ್ಕಾಲಿಕ, ಅದನ್ನು ಬಿಟ್ಟು ನೋಡಿದರೆ ತುಟ್ಟಿ ಅಷ್ಟೇನಿಲ್ಲ, ಭತ್ಯೆ ಏರಿಸಲು ಕಾರಣವಿಲ್ಲ.

ಮರುದಿನವೇ ಅಂಗಡಿಗೆ ಬಂದರು. ದರ ಕೇಳುವ ದಿನವಲ್ಲ.

“ನಾ ಜ್ವಾಳ ಬದಿಗಿಟ್ಟಿದ್ದು ಮುಂದಿಂದು ತಿಳೀಲಿ ಅಂತ. ಹೊಟ್ಟಿ ಬದಿಗಿಡ್ರಿ ಅಂದಿದ್ನೇನು? ಜ್ವಾಳ ಏರಿ ಎರಡು ವರ್ಸ ಆತು. ಎರಡು ವರ್ಸಾದ ಮ್ಯಾಲ ಮರಿ ಮರಿನೇ ಇರತೈತೇನ್ರಿ? ಕುರಿ ಆಗಿರತೈತಿ.”

ಒಂದು ಹಾಳೆ ಮುಂದಿಟ್ಟರು. ಎರಡು ವರ್ಷ ಜೋಳವನ್ನು ಖರೆ ಯಾವ ದರಕ್ಕೆ ಮಾರಿದೆವು ಎಂದು ಅಂಗಡಿಕಾರರು ಬರೆದು ಸಹಿ ಹಾಕಬೇಕು. ಕಚೇರಿಯ ವಹಿಯಲ್ಲಿ ನಮ್ಮ ಸುಳ್ಳೇ ತುಂಬಿತ್ತಲ್ಲ, ಅದನ್ನು ತಿದ್ದಲು ಬೇರೆ ದಾರಿ ಅವರಿಗಿರಲಿಲ್ಲ. “ನಿಮ್ಮದೊಂದು ಬಿದ್ರ ಉಳದವರೂ ಹಾಕತಾರ್ರಿ.”

“ಲೈಸನ್ಸ ಹೋದ್ರ ನಿಮ್ಮ ಸೂಚ್ಯಂಕ ನನ್ನ ಮಕ್ಕಳಿಗೆ ರೊಟ್ಟಿ ಹಾಕತೈತೇನ್ರಿ?” ಎಂದು ಗಿರಾಕಿಗಳ ಎದುರೇ ಒದರಿದೆ.

“ಅದೂ ಖರೇನ ಐತಿ,” ಎಂದು ಹಾಳೆ ಮಡಚಿಕೊಂಡರು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅಷ್ಟೂ ಮಾಡಲಿಲ್ಲ ಪುಣ್ಯಾತ್ಮ.

ಯಾರೂ ಸಹಿ ಹಾಕಲಿಲ್ಲ. ಭತ್ಯೆ ಏರಲಿಲ್ಲ. ಎರಡು ಕಿಲೋ ಒಯ್ಯುತ್ತಿದ್ದ ಗಿರಣಿಯವರು ಒಂದು ಕಿಲೋ ಒಯ್ಯತೊಡಗಿದರು. ತೂಗಿ ಕೊಡುವವನು ನಾನೇ. ಸಾಹೇಬರನ್ನು ಯಾವುದೋ ಮೂಲೆಯ ಊರಿಗೆ ವರ್ಗ ಮಾಡಿದರು. ನಂತರ ಬಂದ ಗುಮಾಸ್ತ ಕಾಳು ಮುಟ್ಟುತ್ತಲೂ ಇರಲಿಲ್ಲ. ನಾನು ಹೇಳಿದ್ದು ಬರೆದುಕೊಂಡು, ಚಹಾ ಕುಡಿದು ಹೋಗುತ್ತಿದ್ದ. ಅವನ ಮೇಲೆ ನನಗೇಕೆ ಅಷ್ಟು ಸಿಟ್ಟು ಬರುತ್ತಿತ್ತೋ.

ದಶಕ ಮುಗಿಯುವ ಹೊತ್ತಿಗೆ ಅವರು ತೀರಿದ ಸುದ್ದಿ ಬಂತು. ಎಸ್‌ಟಿ ಬಸ್ಸು ಹಿಡಿದು ಕರಜಗಿಗೆ ಹೋದೆ. ಸೊಲ್ಲಾಪುರದ ಕಿರಾಣಿ ಅಂಗಡಿಯವನು ಎಂದಾಗ ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದು ಕೂತರು.

“ನೀವೇನ್ರಿ? ಊರಾಗಿಂದ ಯಾರ ಸೊಲ್ಲಾಪುರಕ್ಕ ಹೋದ್ರೂ ನಿಮ್ಮ ಅಂಗಡಿಗೇ ಕಳಸತಿದ್ರು. ಅಂವಾ ಸುಳ್ಳ ಹೇಳೋ ಮನಶ್ಯಾ ಅಲ್ಲ, ಅಂಜತಾನ ಅಷ್ಟ, ಅಂತಿದ್ರು.”

ಆ ಹಾಳೆಯ ಸಂಗತಿ ಅವರಿಗೆ ಗೊತ್ತೋ ಇಲ್ಲವೋ, ಕೇಳಬೇಕೆಂದುಕೊಂಡೆ. ಕೇಳಲು ಅಂದೂ ಅಂಜಿದೆ.