ಮೇಸ್ತ್ರಿಯ ಅಂಗೈ

ಎಂಜಿನ್ನಿನ ಸದ್ದಿನಲ್ಲೇ ರೋಗ ಹಿಡಿಯುತ್ತಿದ್ದ ಮೇಸ್ತ್ರಿ, ಕಿವಿ ಪೂರ್ತಿ ಹೋದಮೇಲೆ ಗ್ಯಾರೇಜನ್ನು ಮಗಳಿಗೆ ಬಿಟ್ಟು ಮನೆಯಲ್ಲಿ ಸಿಡಿಮಿಡಿಗುಟ್ಟುತ್ತ ಕೂತಿದ್ದ. ಅವತ್ತು ಊಟದ ಡಬ್ಬಿ ಕೊಡಲು ಅವನು ಗ್ಯಾರೇಜಿಗೆ ಬಂದಾಗ, ಚಳಿಜ್ವರ ಬಂದಂತೆ ನಡುಗುತ್ತಿದ್ದ ಹಳೇ ಕಾರಿನ ಮುಂದೆ ಮಗಳು ತಲೆ ಕೆರೆದುಕೊಳ್ಳುತ್ತ ನಿಂತಿದ್ದಳು.

ಮೇಸ್ತ್ರಿ ಕಾರಿನ ಮೇಲೆ ಅಂಗೈಯಿಟ್ಟ. "ಪ್ಲಗ್ಗಿನ ವೈರು ಒಂದೊಂದೇ ಕಿತ್ತು ಮತ್ತೆ ಸಿಕ್ಕಿಸು."

ಮೊದಲನೆಯದನ್ನು ಕಿತ್ತಾಗ ನಡುಕ ಹೆಚ್ಚಾಯಿತು. ಎರಡನೆಯದಕ್ಕೂ ಹಾಗೇ ಆಯಿತು. ಮೂರನೆಯದನ್ನು ಕಿತ್ತರೂ ಕೈಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ.

"ಸಿಕ್ಕಿಬಿದ್ದ ನೋಡು ಮೈಗಳ್ಳ! ಇವನು ಇದ್ರೂ ಒಂದೇ, ಇಲ್ದಿದ್ರೂ ಒಂದೇ!"

ಆ ಪ್ಲಗ್ ಬದಲಿಸಿದ್ದೇ ತಡ, ಎಂಜಿನ್ ತಣ್ಣಗೆ ಓಡತೊಡಗಿತು. ಮಗಳು ಪಕ್ಕದ ಕಾರನ್ನು ಚಾಲೂ ಮಾಡಿ, ಅಪ್ಪನ ಕೈ ಹಿಡಿದು ಅದರ ಮೇಲಿಟ್ಟಳು.

"ಊಟ ಆರಿಹೋಗುತ್ತೆ ಕಣೇ" ಎಂದು ಗೊಣಗಿದನೇ ಹೊರತು ಮೇಸ್ತ್ರಿ ಕೈ ತೆಗೆಯಲಿಲ್ಲ.