ಗಿಡದೊಳಗಿನ ಸದ್ದು

ಜಾವಳಿಯ ಬೆಳ್ಳಿಯಪ್ಪನವರು ಹದಿನೈದು ವರ್ಷ ನೌಕಾಪಡೆಯಲ್ಲಿ ಸಮುದ್ರದಡಿಯ ಸದ್ದು ಕೇಳುವ ಕೆಲಸ ಮಾಡಿದವರು. ಹೆಡ್‌ಫೋನ್ ಹಾಕಿಕೊಂಡು, ಇದು ಜಲಾಂತರ್ಗಾಮಿ, ಇದು ಸೀಗಡಿಗಳ ಚಟಪಟ ಎಂದು ಬೇರ್ಪಡಿಸಿ ಹೇಳಬೇಕಿತ್ತು. ಯಂತ್ರ ಕೆಟ್ಟರೆ ರಿಪೇರಿಯೂ ಅವರದೇ. 1992ರಲ್ಲಿ ಸೇವೆ ಮುಗಿಸಿ ಬಂದು ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಟಿವಿ ರಿಪೇರಿ ಅಂಗಡಿ ಇಟ್ಟರು. ಅಲ್ಲೇ ಕೂತು ಓದಿ, ಗಣಿತದಲ್ಲಿ ನಾಲ್ಕು ಸಲ ಫೇಲಾಗಿ, ನಲವತ್ತೊಂದನೇ ವಯಸ್ಸಿಗೆ, ಕಾಲೇಜಿಗೆ ಹೋಗದೆ ಬರೆಯುವ ಎ.ಎಂ.ಐ.ಇ. ಪರೀಕ್ಷೆ ಮುಗಿಸಿ ಎಲೆಕ್ಟ್ರಾನಿಕ್ಸ್ ಇಂಜಿನಿಯರ್ ಆದರು. ಅಂಗಡಿಯ ಬೋರ್ಡು ಮಾತ್ರ ಬದಲಾಗಲಿಲ್ಲ.

ಮರುವರ್ಷ ಟಿವಿ ತೋರಿಸಲು ಬಂದ ಎಸ್ಟೇಟಿನ ವಿಮಲಮ್ಮ, ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ಹುಳದ ಕಥೆ ಹೇಳಿಕೊಂಡರು.

"ಹೊರಗಿಂದ ಗಿಡ ಹಸಿರಾಗೇ ಇರ್ತದೆ. ಎಲೆ ಹಳದಿಯಾಗೋ ಹೊತ್ತಿಗೆ ಒಳಗೆಲ್ಲ ತಿಂದಾಗಿರ್ತದೆ."

"ತಿನ್ನೋವಾಗ ಸದ್ದು ಮಾಡ್ತದಾ ಅಮ್ಮಾ?"

"ಹುಳ ತಿನ್ನೋ ಸದ್ದು ಯಾರು ಕೇಳಿದಾರೆ?"

ಆ ಪ್ರಶ್ನೆ ಬೆಳ್ಳಿಯಪ್ಪನವರನ್ನು ಬಿಡಲಿಲ್ಲ. ಆಟಿಕೆಯೊಂದರ ಬಜರ್‌ನಿಂದ ತೆಳು ಹಿತ್ತಾಳೆ ಬಿಲ್ಲೆ ಬಿಚ್ಚಿ, ಸದ್ದು ಹಿಗ್ಗಿಸುವ ಪುಟ್ಟ ಸರ್ಕ್ಯೂಟಿಗೆ ಬೆಸೆದು, ಭಾನುವಾರಗಳಲ್ಲಿ ವಿಮಲಮ್ಮನವರ ತೋಟಕ್ಕೆ ಹೋಗಿ ಕಾಂಡಕ್ಕೆ ಒತ್ತಿ ಹಿಡಿದು, ಹೆಡ್‌ಫೋನ್ ಹಾಕಿಕೊಂಡು ಕೂರತೊಡಗಿದರು. ಮೂರು ವಾರ ಬರೀ ಗಾಳಿ, ಎಲೆಯಿಂದ ಬೀಳುವ ಹನಿ. ನಾಲ್ಕನೇ ವಾರ, ಪಕ್ಕದ ಕೋಣೆಯಲ್ಲಿ ಯಾರೋ ಹಪ್ಪಳ ತಿಂದಂತೆ: ಕರ್, ಕರ್, ಸ್ವಲ್ಪ ಬಿಡುವು, ಮತ್ತೆ ಕರ್.

ವಿಮಲಮ್ಮನನ್ನೂ ಮೇಸ್ತ್ರಿ ಶೇಷಪ್ಪನನ್ನೂ ಕರೆದು, ಇದನ್ನು ಕಿತ್ತು ಸೀಳಿ ನೋಡಬೇಕೆಂದರು. ಗಿಡದ ತುಂಬ ಕಾಯಿ.

"ಇದಕ್ಕೇನೂ ಆಗಿಲ್ಲ ಸಾರ್," ಎಂದ ಶೇಷಪ್ಪ. "ಕಾಂಡದ ಮೇಲೆ ಉಬ್ಬಿಲ್ಲ, ಎಲೆ ಬಾಡಿಲ್ಲ."

"ತಪ್ಪಾದ್ರೆ?" ವಿಮಲಮ್ಮ ಕೇಳಿದರು.

"ಒಂದು ಒಳ್ಳೇ ಗಿಡ ಹೋಗ್ತದೆ. ಖಾತ್ರಿ ಅಂತ ನಾನು ಹೇಳಲ್ಲ."

ವಿಮಲಮ್ಮ ಕಾಯಿ ತುಂಬಿದ ರೆಂಬೆಯೊಂದನ್ನು ಎತ್ತಿ ನೋಡಿದರು. ಆಮೇಲೆ, "ಕಿತ್ತುಬಿಡು ಶೇಷಪ್ಪ," ಎಂದರು. ಸೀಳಿದರೆ ಒಳಗೆ ಹುಡಿ ತುಂಬಿದ ಸುರಂಗ. ತುದಿಯಲ್ಲಿ ಹಳದಿ ಬಿಳುಪಿನ ಹುಳ. ಶೇಷಪ್ಪ ಹೆಡ್‌ಫೋನಿಗೆ ಕೈ ಚಾಚಿದ.

ಸದ್ದು ಕೇಳಿ ಸೀಳಿದ ಎರಡನೇ ಗಿಡದಲ್ಲಿ ಸಿಕ್ಕಿದ್ದು ಬರೀ ಇರುವೆ. ಬೆಳ್ಳಿಯಪ್ಪನವರ ಮುಖ ಇಳಿಯಿತು. ಆದರೆ ಮನೆಗೆ ಹೋಗಲಿಲ್ಲ. ಸಂಜೆವರೆಗೂ ಆ ತುಂಡಿನ ಪಕ್ಕ ಕೂತು ಇರುವೆಗಳ ಸದ್ದನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡರು, ಮುಂದೆ ಮೋಸ ಹೋಗಬಾರದೆಂದು.

ಮೂರು ವರ್ಷದಲ್ಲಿ ತಪ್ಪುಗಳು ಹತ್ತಕ್ಕೊಂದಕ್ಕೆ ಇಳಿದವು. ಯಂತ್ರಗಳನ್ನು ಮಾಡಿ ಮಾರೋಣವೆಂದು ಚಿಕ್ಕಮಗಳೂರಿನಿಂದ ಒಬ್ಬರು ಬಂದರು. ಬೆಳ್ಳಿಯಪ್ಪನವರು ಇದ್ದದ್ದನ್ನೇ ಹೇಳಿದರು: ಗಾಳಿ ಎದ್ದರೆ, ಮಳೆ ಹಿಡಿದರೆ ಕೆಲಸಕ್ಕಿಲ್ಲ, ಒಂದು ಬೆಳಗಿಗೆ ಅರವತ್ತು ಗಿಡ ನೋಡಿದರೆ ಹೆಚ್ಚು, ಎಕರೆಗೆ ಸಾವಿರದ ಮೇಲಿರುತ್ತವೆ. ಬಂದವರು ಕಾಫಿ ಕುಡಿದು ಹೋದರು. ಅನುಮಾನ ಬಂದ ಗಿಡಗಳಿಗಷ್ಟೇ ಇಟ್ಟು ನೋಡಲೆಂದು ಒಂದು ಯಂತ್ರ ಶೇಷಪ್ಪನ ಬಳಿ ಉಳಿಯಿತು. ಕ್ರಮೇಣ ಅವನ ಕಿವಿ ಬೆಳ್ಳಿಯಪ್ಪನವರದಕ್ಕಿಂತ ಚುರುಕಾಯಿತು. ಇದನ್ನು ಹೇಳಿದವರೂ ಬೆಳ್ಳಿಯಪ್ಪನವರೇ.

ಇದೆಲ್ಲ ಕೇಳಿ 2003ರಲ್ಲಿ ನಾನು ಅವರ ಅಂಗಡಿಗೆ ಹೋದಾಗ ಒಂದು ಕ್ಯಾಸೆಟ್ ಹಾಕಿ ಕೇಳಿಸಿದರು. ಯಾರೋ ಬೆರಳುಗುರಿನಿಂದ ಡಬ್ಬ ತಟ್ಟಿದಂತಿತ್ತು.

"ಯಾವ ಹುಳ ಇದು?" ಎಂದೆ.

"ಗೊತ್ತಿಲ್ಲ ಮಾರಾಯ್ರೆ. ವಸ್ತಾರೆ ಹತ್ರ ಕಾಫಿಗೆ ನೆರಳಿಗೆ ಹಾಕಿದ ಒಂದು ಸಿಲ್ವರ್ ಮರದಲ್ಲಿ ಸಿಕ್ಕಿದ್ದು. ಭಾನುವಾರ ಶೇಷಪ್ಪನ್ನ ಕರ್ಕೊಂಡು ಹೋಗ್ತಿದೀನಿ. ನೀವೂ ಬರ್ತೀರಾ?"