ಮಳೆ ಪುಸ್ತಕದ ಷರಾ

ನಮ್ಮ ಕಡೆ ಕಾಫಿ ಬೆಳೆಯುವವರ ಮನೆಯಲ್ಲಿ ಏನಿಲ್ಲದಿದ್ದರೂ ಮಳೆ ಪುಸ್ತಕ ಒಂದು ಇದ್ದೇ ಇರುತ್ತದೆ. ದಿನಾ ಬೆಳಿಗ್ಗೆ ಎಂಟು ಗಂಟೆಗೆ ರೇನ್ ಗೇಜ್ ನೋಡಿ, ಎಷ್ಟು ಇಂಚು, ಎಷ್ಟು ಸೆಂಟ್ ಎಂದು ಅದರಲ್ಲಿ ಬರೆದಿಡಬೇಕು; ನೂರು ಸೆಂಟ್ ಸೇರಿದರೆ ಒಂದಿಂಚು. ಸಂಸೆಯ ನಮ್ಮ ಆರು ಎಕರೆ ತೋಟದಲ್ಲಿ ಅಳೆಯುವ ಕೆಲಸ ಅತ್ತೆಯದು, ಬರೆಯುವ ಕೆಲಸ ನನ್ನದು. ಅವರು ಅಂಗಳದಿಂದ "ಒಂದಿಂಚು ಇಪ್ಪತ್ತು!" ಎಂದು ಕೂಗುತ್ತಾರೆ, ನಾನು ಕೈಯಲ್ಲಿದ್ದ ಸೌಟು ಬಿಟ್ಟು ಓಡಿ ಬಂದು ಬರೆಯುತ್ತೇನೆ. ನನ್ನ ಗಂಡ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುತ್ತಿರುವುದು ನಾವಿಬ್ಬರೇ. ಪಹಣಿಯೂ ಇಬ್ಬರ ಹೆಸರಿನಲ್ಲಿದೆ.

ಆ ಪುಸ್ತಕದ ಕೊನೆಯ ಕಾಲಂ ಷರಾ. ಗಾಳಿ ಇತ್ತು, ಗುಡುಗಿತ್ತು ಎಂದು ಬರೆಯಲು ಇರುವ ಜಾಗ. ಆದರೆ ಯಾವ ಮನೆಯವರೂ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಹಸು ಕರು ಹಾಕಿದ್ದು, ಅತ್ತೆಯ ಮಂಡಿಗೆ ಆಪರೇಷನ್ ಆಗಿದ್ದು, ನಾದಿನಿ ಮುನಿಸಿಕೊಂಡು ಊಟ ಮಾಡದೆ ಹೋಗಿದ್ದು, ಎಲ್ಲವೂ ನಮ್ಮ ಷರಾದಲ್ಲಿದೆ. ನನ್ನ ಗಂಡ ಹೋದ ದಿನ ಬಿದ್ದ ಮಳೆ ಮೂವತ್ತು ಸೆಂಟ್. ಅದರ ಪಕ್ಕದಲ್ಲಿ ನಾನು ಬರೆದದ್ದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನದು.

ಎರಡು ವರ್ಷದ ಹಿಂದೆ ಒಂದು ಕಂಪನಿಯವರು ಕಳಸದಲ್ಲಿ ಸಭೆ ಮಾಡಿ, ಫೋನಿನಲ್ಲೇ ಮಳೆ ಬರೆದಿಡುವ ಆ್ಯಪ್ ಹಾಕಿಕೊಟ್ಟರು. ಯಾವಾಗ ಔಷಧಿ ಹೊಡೆಯಬೇಕು, ಕಾಫಿ ಹೂ ಅರಳಿಸುವ ಹೂಮಳೆ ಎಲ್ಲೆಲ್ಲಿ ಬಿತ್ತು, ಎಲ್ಲ ಅದೇ ಹೇಳುತ್ತದಂತೆ. ಅದೂ ಪುಕ್ಕಟೆ. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನಾವು. ನನ್ನ ನಂಬರ್ ಕೇಳಿದರು, ಕೊಟ್ಟೆ. ಮನೆಯ ಇನ್ನೊಂದು ನಂಬರ್ ಕೇಳಿದರು, ಅತ್ತೆಯದೂ ಕೊಟ್ಟೆ. ಮಳೆಯಲ್ಲಿ ಮುಚ್ಚಿಡುವಂಥದ್ದು ಏನಿದೆ? ನಾವು ಎದುರು ಸಿಕ್ಕವರ ಆರೋಗ್ಯ ವಿಚಾರಿಸುವ ಮೊದಲೇ ನಿಮ್ಮಲ್ಲಿ ಮಳೆ ಎಷ್ಟು ಎಂದು ಕೇಳುವವರು.

ಆ್ಯಪಿನಲ್ಲಿ ಇಂಚು, ಸೆಂಟ್ ಆದ ಮೇಲೆ ‘ನೋಟ್ಸ್’ ಎಂಬ ಖಾಲಿ ಜಾಗವಿತ್ತು. ನನ್ನ ಕಣ್ಣಿಗೆ ಅದು ಷರಾ. ಪುಸ್ತಕದಲ್ಲಿ ಬರೆದದ್ದನ್ನೆಲ್ಲ ದಿನಾ ಒಂದಕ್ಷರ ಬಿಡದೆ ಅಲ್ಲಿಗೂ ಇಳಿಸಿದೆ. ಯಾರೂ ಹೇಳಿರಲಿಲ್ಲ, ನನ್ನದೇ ಶ್ರದ್ಧೆ. ಇಂಥ ಪೆದ್ದುತನ ಮಾಡಲು ಕಾಫಿ ತೋಟದವರೇ ಆಗಬೇಕು.

ಕಳೆದ ಆಗಸ್ಟಿನಲ್ಲಿ ಒಂದು ದಿನ ಏಳು ಇಂಚು ಹತ್ತು ಸೆಂಟ್ ಸುರಿಯಿತು. ಕೊಳೆರೋಗ ಬಂದು ಗಿಡದ ಬುಡದಲ್ಲೆಲ್ಲ ಹಸಿರು ಕಾಯಿ ಬಿದ್ದಿತ್ತು. ಸಂಜೆ ತೋಟದಿಂದ ಬಂದವಳು, ಕಾಲಿಗೆ ಕಚ್ಚಿ ರಕ್ತ ಹೀರುತ್ತಿದ್ದ ಉಂಬಳ ಕಿತ್ತು ಎಸೆದು ಷರಾದಲ್ಲಿ ಬರೆದೆ: "ಸಾಕಾಯ್ತು. ಮಾರಿ ಕೈ ತೊಳ್ಕೊಳ್ಳೋದೇ ಸರಿ." ಮಾರನೆಯ ದಿನ ಆಳುಗಳನ್ನು ಕರೆದುಕೊಂಡು ಮರಗಳ ಕೊಂಬೆ ಕಡಿದು ನೆರಳು ಬಿಡಿಸಲು ಹೋದೆ. ಬರೆದದ್ದು ಮರೆತೇಹೋಯಿತು.

ನವೆಂಬರಿನಲ್ಲಿ ಅತ್ತೆಗೆ ಒಂದು ಫೋನ್ ಬಂತು. ಅವರು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು. "ಅಮ್ಮಾ, ನಿಮ್ಮ ಸೊಸೆ ತೋಟ ಮಾರೋ ಯೋಚನೆಯಲ್ಲಿದ್ದಾರಂತಲ್ಲ? ನಮ್ಮ ಹತ್ರ ರೆಸಾರ್ಟ್ ಮಾಡೋ ಪಾರ್ಟಿ ಇದೆ" ಎಂದಿತು ಆ ಕಡೆಯ ದನಿ. ನಾನು ಫೋನ್ ಕಸಿದುಕೊಂಡು ಯಾರು ಹೇಳಿದ್ದು ಎಂದು ಗದರಿದೆ. ಆತ ನಿಧಾನವಾಗಿ ಓದಿದ: "‘ಸಾಕಾಯ್ತು, ಮಾರಿ ಕೈ ತೊಳ್ಕೊಳ್ಳೋದೇ ಸರಿ’ ಅಂತ ಇಲ್ಲಿದೆ ಮೇಡಂ."

ನನ್ನದೇ ಮಾತು. ಕಾಗೆಯ ಮುಂದೆ ಕೂಡ ಹೇಳಿರಲಿಲ್ಲ. ಪುಸ್ತಕ ಕಪಾಟಿನಲ್ಲಿತ್ತು, ಇನ್ನುಳಿದದ್ದು ಆ ಆ್ಯಪ್ ಒಂದೇ.

"ಹೌದಾ?" ಎಂದರು ಅತ್ತೆ.

"ಸುಳ್ಳು ಅತ್ತೆ. ಇವ್ರೆಲ್ಲ ಬ್ರೋಕರ್‌ಗಳು, ಬಾಯಿಗೆ ಬಂದದ್ದು ಹೇಳ್ತಾರೆ" ಎಂದೆ. ಹೆದರಿಕೆಗೆ ಹಾಗೆಂದುಬಿಟ್ಟೆ, ಈಗಲೂ ನಾಚಿಕೆಯಾಗುತ್ತದೆ.

ಅವರು ನಂಬಲಿಲ್ಲ. ಮಾರನೆಯ ಬೆಳಿಗ್ಗೆ ರೇನ್ ಗೇಜ್ ನೋಡಿದರು, ಕೂಗಲಿಲ್ಲ. ಒಂದು ವಾರ ನಮ್ಮ ಪುಸ್ತಕದಲ್ಲಿ ಮಳೆಯೇ ಇಲ್ಲ. ಮೂವತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ತಿಂದವರು ನಾವು. ಈಗ ಅವರು ನನ್ನನ್ನು ಬೆನ್ನ ಹಿಂದೆ ಮಣ್ಣು ಮಾರುವವಳು ಎಂಬಂತೆ ನೋಡಿದರು.

ಅದೇ ವಾರ ಕಂಪನಿಯವರು ಕಳಸದಲ್ಲಿ ಮತ್ತೆ ಸಭೆ ಇಟ್ಟಿದ್ದರು. ಅಕ್ಟೋಬರ್ ಕೊನೆಯವರೆಗೆ ಒಂದು ದಿನವೂ ತಪ್ಪದೆ ಮಳೆ ಬರೆದವರಿಗೆ ಕೊಡೆ ಬಹುಮಾನ. ಪಟ್ಟಿಯಲ್ಲಿ ನಾನೂ ಇದ್ದೆ. ವೇದಿಕೆ ಹತ್ತಿ, ಕೊಡೆ ಬಿಟ್ಟು ಮೈಕ್ ತೆಗೆದುಕೊಂಡೆ.

"ನಾನು ಕೊಟ್ಟದ್ದು ಮಳೆ. ನೀವು ಮಾರಿದ್ದು ನಮ್ಮ ಮನೆ ಮಾತು. ಯಾರನ್ನ ಕೇಳಿ ಮಾರಿದ್ರಿ?"

ಅವರ ಮ್ಯಾನೇಜರ್ ನಯವಾದ ಮನುಷ್ಯ. "ಮೇಡಂ, ಶುರುವಲ್ಲೇ ನೀವು ಓಕೆ ಒತ್ತಿದ್ದೀರಿ. ಪಾರ್ಟ್ನರ್ಸ್ ಜೊತೆ ಮಾಹಿತಿ ಹಂಚಿಕೊಳ್ತೇವೆ ಅಂತ ಅದ್ರಲ್ಲೇ ಇದೆ" ಎಂದರು.

"ಸರಿ ಮಾರಾಯ್ರೇ, ನಿಮ್ಮ ಫೋನ್ ಕೊಡಿ. ನಿನ್ನೆ ನೀವು ನಿಮ್ಮ ಮನೆಗೆ ಕಳಿಸಿದ ಮೆಸೇಜ್ ಈ ಮೈಕಲ್ಲಿ ಓದ್ತೇನೆ. ಇವರೆಲ್ಲ ನನ್ನ ಪಾರ್ಟ್ನರ್ಸೇ."

ಅವರ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. "ಅದು ಪರ್ಸನಲ್ ಮೇಡಂ."

"ಹೌದಾ? ನಿಮಗೆ ಪರ್ಸನಲ್, ನಮಗೆ ನೋಟ್ಸಾ?"

ಸಭೆಯಲ್ಲಿ ಕೆಲವರು ನಕ್ಕರು. ಆದರೆ ಹಿಂದೆ ಕೂತಿದ್ದ, ಕಳಸದಲ್ಲಿ ಗ್ಯಾರೇಜ್ ಇಟ್ಟಿರುವ ಸಾಹೇಬರು ನಗಲಿಲ್ಲ. ಅವರಿಗೂ ಮೂರೆಕರೆ ಕಾಫಿ ಇದೆ. ಎದ್ದು ನಿಂತು, "ನಾನು ನನ್ನ ಹೆಂಡ್ತಿ ಸ್ಕ್ಯಾನಿಂಗ್ ವಿಷ್ಯ ಬರ್ದಿದ್ದೆ. ಎಲ್ಲಿಂದೆಲ್ಲಿಂದಲೋ ಫೋನ್ ಮಾಡಿ ಅವಳ ಕಾಯಿಲೆ ಹೆಸ್ರು ಹೇಳ್ತಾರೆ. ಅವಳಿಗೇ ನಾವಿನ್ನೂ ಹೇಳಿರ್ಲಿಲ್ಲ" ಎಂದರು. ಆಮೇಲೆ ಯಾರೂ ನಗಲಿಲ್ಲ. ನಮ್ಮದನ್ನೆಲ್ಲ ಅಳಿಸಿ, ಯಾರ್ಯಾರಿಗೆ ಕೊಟ್ಟಿದ್ದೀರೋ ಪಟ್ಟಿ ಕೊಡಿ ಎಂದು ಅಲ್ಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು. ಕೊಡೆಗಳು ರಟ್ಟಿನ ಡಬ್ಬಿಯಲ್ಲೇ ಉಳಿದವು.

ಜೀಪಿನಲ್ಲಿ ಬರುವಾಗ ಜೊತೆಯಲ್ಲಿದ್ದವರು ಭೇಷ್ ಎಂದರು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಕಂಪನಿಯ ಮುಂದೆ ಅಷ್ಟು ಜೋರು ಮಾಡಿದವಳು, ಅತ್ತೆಗೆ ಹೇಳಿದ ಸುಳ್ಳನ್ನು ಹಾಗೇ ಇಟ್ಟುಕೊಂಡಿದ್ದೆ.

ಮನೆಗೆ ಬಂದು ಪುಸ್ತಕ ತೆಗೆದು, ಅವರ ಪಕ್ಕ ಕೂತು, ಆ ಸಾಲನ್ನು ಗಟ್ಟಿಯಾಗಿ ಓದಿದೆ. "ನಾನೇ ಬರ್ದದ್ದು ಅತ್ತೆ. ಸುಳ್ಳು ಹೇಳಿದೆ."

ಅತ್ತೆ ಆ ಸಾಲಿನ ಮೇಲೆ ಬೆರಳಿಟ್ಟರು. "ಆ ದಿನ ಮಳೆ ಎಷ್ಟು?"

"ಏಳಿಂಚು ಹತ್ತು."

"ಅಷ್ಟು ಮಳೆಗೆ ಯಾರಿಗಾದ್ರೂ ಹಾಗೆ ಅನ್ನಿಸ್ತದೆ. ನಂಗೆ ಎಷ್ಟು ಸಲ ಅನ್ನಿಸ್ಲಿಲ್ಲ! ಬರಿಯೋಕೆ ಬರ್ತಿರ್ಲಿಲ್ಲ, ಬಚಾವಾದೆ" ಎಂದರು. ನನಗೆ ನಗುವೂ ಬಂತು, ಅಳುವೂ ಬಂತು.

ಕಂಪನಿಯಿಂದ ‘ನಿಮ್ಮ ಮನವಿ ತಲುಪಿದೆ’ ಎಂಬ ಒಂದು ಮೆಸೇಜ್ ಬಂತು, ಅಷ್ಟೇ. ಆ್ಯಪ್ ತೆಗೆದುಹಾಕಿದ್ದೇನೆ, ಷರಾ ಬರೆಯುವುದನ್ನು ಬಿಟ್ಟಿಲ್ಲ. ಅವರಿಗೆ ಹೆದರಿ ನನ್ನ ಪುಸ್ತಕದಲ್ಲಿ ನಾನೇ ಬಾಯಿ ಮುಚ್ಚಿಕೊಳ್ಳಲೇ? ಆದರೆ ಒಮ್ಮೆ ಕೈ ದಾಟಿದ್ದು ವಾಪಸ್ ಬರುವುದಿಲ್ಲ. ಫೋನ್‌ಗಳು ಬರುತ್ತಲೇ ಇವೆ.

ಮೊನ್ನೆಯೂ ಒಬ್ಬ ಮಾಡಿದ್ದ, ಅತ್ತೆಯ ಫೋನಿಗೇ. ಸೊಸೆ ಮಾರಬೇಕು ಎಂದಿದ್ದಾರಂತೆ ಎಂದು ಅದೇ ರಾಗ. ನಾನು ಕೈ ಚಾಚಿದೆ, ಅತ್ತೆ ಫೋನ್ ಕೊಡಲಿಲ್ಲ.

"ಹೌದಪ್ಪ, ಬರ್ದಿದ್ಲು. ಆವತ್ತು ಅವಳಿಗೆ ಸಿಟ್ಟು ಬಂದಿತ್ತು" ಎಂದರು. "ನೀನು ದುಡ್ಡು ಕೊಟ್ಟು ತಗೊಂಡದ್ದು ಆ ಸಿಟ್ಟು. ಇಟ್ಕೋ. ತೋಟ ನಮ್ಮದೇ ಉಂಟು."